ಸಾಲಾಗಿ ಹನ್ನೊಂದು ಒಂದು

ಹಲ್ಲುನೋವಿನವರು ಆ ಬೀದಿಗೆ ಬರುವುದು ಈಗ ಕಡಿಮೆಯಾಗಿದೆ. ಮೊದಲೆಲ್ಲ ಆಗಾಗ ಯಾರಾದರೂ ದವಡೆ ಹಿಡಿದುಕೊಂಡು ಬಂದು, "ಇಲ್ಲಿ ಹಲ್ಲು ಮೇಸ್ತ್ರಿ ಅಂತ ಒಬ್ಬರಿದ್ದಾರಂತಲ್ಲ, ಕೈಗುಣ ಚೆನ್ನಾಗಿದೆಯಂತೆ" ಎಂದು ವಿಚಾರಿಸುತ್ತಿದ್ದರು. ಎದುರಿನ ಬೆಲ್ಟ್ ಅಂಗಡಿಯವನು ಮುಖದ ಒಂದು ಗೆರೆಯೂ ಕದಲದಂತೆ, "ಅಗೋ, ಅದೇ ಬಾಗಿಲು. ಕೈ ಸ್ವಲ್ಪ ಎಣ್ಣೆ ಎಣ್ಣೆ. ಆದರೆ ಅವರು ಕೊರೆದ ಹಲ್ಲು ಜನ್ಮದಲ್ಲಿ ಅಲ್ಲಾಡಲ್ಲ" ಎಂದು ಕಳಿಸಿಬಿಡುತ್ತಿದ್ದ. ಒಳಗೆ ಹೋದವರಿಗೆ ಕಬ್ಬಿಣದ ಪುಡಿ, ಗ್ರೀಸಿನ ಡಬ್ಬ, ಗೋಡೆಯುದ್ದ ತೂಗುಹಾಕಿದ ಗೇರುಗಳು, ನಡುವೆ ಯಂತ್ರದ ಮೇಲೆ ಬಗ್ಗಿದ ಒಬ್ಬ ಮನುಷ್ಯ ಕಾಣುತ್ತಿದ್ದ. ಅರ್ಧ ಜನ ಅಲ್ಲೇ ನೋವು ಮರೆತು ಓಡುತ್ತಿದ್ದರು. ಉಳಿದವರನ್ನು ಮೇಸ್ತ್ರಿಯ ಹೆಂಡತಿ ಕೂರಿಸಿ, ನೀರು ಕೊಟ್ಟು, ಪಕ್ಕದ ಬೀದಿಯ ನಿಜವಾದ ಹಲ್ಲಿನ ಡಾಕ್ಟರ ದಾರಿ ತೋರಿಸುತ್ತಿದ್ದಳು.

ಅವಳನ್ನು ಬೀದಿಗೆ ಬೀದಿಯೇ ಅಕ್ಕ ಎನ್ನುತ್ತದೆ. ಅವಳಿಗಿಂತ ಎಷ್ಟೋ ದೊಡ್ಡವನಾದ ಬೆಲ್ಟ್ ಅಂಗಡಿಯವನೂ ಅಕ್ಕ ಎನ್ನುತ್ತಾನೆ. "ವಯಸ್ಸು ಕಮ್ಮಿ ಮಾಡಿಕೊಳ್ಳೋಕೆ ಇದಕ್ಕಿಂತ ಅಗ್ಗದ ಮಾಲು ಮಾರ್ಕೆಟ್ಟಿನಲ್ಲಿಲ್ಲ" ಎನ್ನುವುದು ಅವನ ಸಮಜಾಯಿಷಿ. ಕಾರ್ಖಾನೆಯ ಮುಂಭಾಗದಲ್ಲಿ ನಟ್ಟು, ಬೋಲ್ಟು, ಬೇರಿಂಗು ಇಟ್ಟುಕೊಂಡು ವ್ಯಾಪಾರ ನಡೆಸುವವಳು ಅವಳೇ. ತಕ್ಕಡಿಗೆ ಹಾಕಿದ ನಟ್ಟನ್ನು ಮತ್ತೆ ತೆಗೆಯುವ ಚಾಳಿ ಅವಳಿಗಿಲ್ಲ. ಒಂದು ಹೆಚ್ಚಿಗೆ ಹಾಕುವ ಚಾಳಿಯೂ ಇಲ್ಲ.

ಮೇಸ್ತ್ರಿಯ ಕೆಲಸ ಗೇರಿಗೆ ಹಲ್ಲು ಕೊರೆಯುವುದು. ದುಂಡು ಬಿಲ್ಲೆಯನ್ನು ಯಂತ್ರಕ್ಕೆ ಕಚ್ಚಿಸಿ, ಒಂದು ಹಲ್ಲು ಕೊರೆದು, ಬಿಲ್ಲೆಯನ್ನು ಅಳತೆಗೆ ತಕ್ಕಷ್ಟೇ ತಿರುಗಿಸಿ ಮುಂದಿನ ಹಲ್ಲಿಗೆ ಹೋಗಬೇಕು. ಆ ಅಳತೆಗೆ ತೂತುಗಳ ತಟ್ಟೆಗಳಿರುತ್ತವೆ. ಅರವತ್ತು ಹಲ್ಲು, ಎಪ್ಪತ್ತೆರಡು ಹಲ್ಲು ಎಂದರೆ ಅಂಗೈ ಮೇಲಿನ ಕೆಲಸ. ಅವು ಎರಡಕ್ಕೂ ಒಡೆಯುತ್ತವೆ, ಮೂರಕ್ಕೂ ಒಡೆಯುತ್ತವೆ, ಯಾವುದಾದರೊಂದು ತಟ್ಟೆ ಹೊಂದಿಕೊಳ್ಳುತ್ತದೆ. ನೂರ ಇಪ್ಪತ್ತೇಳು ಹಲ್ಲು ಬೇಕು ಎಂದು ಯಾರಾದರೂ ಬಂದರೆ ಮೇಸ್ತ್ರಿ ಹಣೆ ಒರೆಸಿಕೊಳ್ಳುತ್ತಿದ್ದ. ಆ ಸಂಖ್ಯೆ ಯಾವುದಕ್ಕೂ ಬಗ್ಗುವುದಿಲ್ಲ. ಶಾಲೆಯಲ್ಲಿ ಅಂಥದ್ದನ್ನು ಅವಿಭಾಜ್ಯ ಎನ್ನುತ್ತಾರೆ. ಅವನ ಕಾರ್ಖಾನೆಯಲ್ಲಿ ಅದರ ಹೆಸರು ಮೊಂಡು.

ಆ ಕಾರ್ಖಾನೆಗೆ ಒಂದೇ ಒಂದು ಕಾನೂನು. ಎಣಿಕೆಯಲ್ಲಿ ಒಂದು ಹಲ್ಲು ತಪ್ಪಿದರೂ ಚಕ್ರ ಗುಜರಿ ಡಬ್ಬಕ್ಕೆ. ತೇಪೆ ಇಲ್ಲ, ಅರದಿಂದ ಉಜ್ಜಿ ಸರಿಮಾಡುವುದಿಲ್ಲ. ಹೊಸ ಬಿಲ್ಲೆ, ಮೊದಲನೇ ಹಲ್ಲು. ಒಮ್ಮೆ ಮುದ್ರಣಾಲಯದವರೊಬ್ಬರಿಗೆ ನೂರ ಇಪ್ಪತ್ತೇಳರ ಚಕ್ರ ಕೊರೆಯುತ್ತ ಕೊರೆಯುತ್ತ ಕಟ್ಟಕಡೆಯ ಹಲ್ಲಿಗೆ ಬಂದಾಗ ಜಾಗ ಕೂದಲೆಳೆಯಷ್ಟು ಕಿರಿದಾಗಿತ್ತು. ಎಲ್ಲೋ ಹಿಂದೆ ಒಂದು ತೂತು ತಪ್ಪಿತ್ತು. ಗಿರಾಕಿ ಎದುರಿಗೇ ನಿಂತಿದ್ದ. "ಪರವಾಗಿಲ್ಲ ಮೇಸ್ತ್ರಿ, ಓಡುತ್ತೆ ಬಿಡಿ, ಕೊಡಿ" ಎಂದು ಕೈಚಾಚಿದ. ಮೇಸ್ತ್ರಿ ಆ ಕೈಯನ್ನು ದಾಟಿಸಿ ಚಕ್ರವನ್ನು ಡಬ್ಬಕ್ಕೆ ಎಸೆದ. ಡಬ್ಬ ಗಂಟೆಯಂತೆ ಮೊಳಗಿತು. ಗಿರಾಕಿಯ ಮುಖ ಬಾಡಿ ಹೋಯಿತು. ಅಕ್ಕ ಒಳಗಿಂದ ಚಹಾ ತಂದು, ಗಿರಾಕಿಯನ್ನು ಸಮಾಧಾನ ಮಾಡಿ, ಇನ್ನೊಂದು ವಾರದ ಗಡುವು ಬೇಡಿಕೊಂಡಳು. ಮೇಸ್ತ್ರಿ ಎಸೆದದ್ದಕ್ಕೆಲ್ಲ ಗಡುವು ಬೇಡುವುದು ಅವಳ ಪಾಲಿನ ಕೆಲಸ.

ಅವನಿಗೆ ಕೆಲಸ ಕಲಿಸಿದ ಮುದುಕನಿಗೆ ಒಂದು ಹುಚ್ಚಿತ್ತು. ಕಲಿಯಲು ಬಂದವರಿಗೆ ಅವನು ಕೊಡುತ್ತಿದ್ದದ್ದು ಬರೀ ಒಂದುಗಳ ಲೆಕ್ಕ. ಎರಡು ಒಂದು ಬರೆದರೆ ಹನ್ನೊಂದು, ಅದು ಮೊಂಡು. ಮೂರು ಒಂದು ಬರೆದರೆ ನೂರ ಹನ್ನೊಂದು. ಅದು ಮೂರು ಮತ್ತು ಮೂವತ್ತೇಳಕ್ಕೆ ಒಡೆಯುತ್ತದೆ. ನಾಲ್ಕು ಒಂದು ಹನ್ನೊಂದಕ್ಕೂ ನೂರ ಒಂದಕ್ಕೂ. ಐದು ಒಂದು ನಲವತ್ತೊಂದಕ್ಕೂ ಇನ್ನೂರ ಎಪ್ಪತ್ತೊಂದಕ್ಕೂ. ಒಡೆದವನು ಆ ಎರಡು ಹಲ್ಲೆಣಿಕೆಯ ಗೇರುಗಳನ್ನು ಕೊರೆದು ಜೋಡಿಸಿ ತೋರಿಸಬೇಕು. ಮೇಸ್ತ್ರಿ ಕೊರೆದ ನಲವತ್ತೊಂದರ ಪುಟಾಣಿ ಮತ್ತು ಇನ್ನೂರ ಎಪ್ಪತ್ತೊಂದರ ದೊಡ್ಡಣ್ಣ ಇವತ್ತಿಗೂ ಗೋಡೆಯ ಮೇಲೆ ಹಲ್ಲಿಗೆ ಹಲ್ಲು ಕೊಟ್ಟುಕೊಂಡು ನಿಂತಿವೆ. ಮುಂದಕ್ಕೆ ಸಂಖ್ಯೆ ಬೆಳೆದಂತೆ ಗೇರು ಕೊರೆಯಲು ಆಗದಿದ್ದರೂ ಮುದುಕ ಒಡೆಸುವುದನ್ನು ಬಿಡಲಿಲ್ಲ. ಆರು, ಏಳು, ಎಂಟು, ಒಂಬತ್ತು, ಹತ್ತು ಒಂದುಗಳವರೆಗೆ ಎಲ್ಲವೂ ಒಂದೊಂದು ಬಗೆಯಲ್ಲಿ ಒಡೆದವು. ಹನ್ನೊಂದು ಒಂದುಗಳ ಹತ್ತಿರ ಮುದುಕನೇ ನಿಂತುಬಿಟ್ಟಿದ್ದ. ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. "ಇದು ಮೊಂಡೋ ಅಲ್ಲವೋ ಅಂತ ನೋಡದೇ ಹೋಗ್ತಾ ಇದ್ದೀನಿ" ಎಂದು ಹೇಳಿಯೇ ಸತ್ತನಂತೆ. ಕೆಲವರು ಮನೆ ಬಿಟ್ಟು ಹೋಗುತ್ತಾರೆ, ಕೆಲವರು ಸಾಲ ಬಿಟ್ಟು ಹೋಗುತ್ತಾರೆ. ಈ ಪುಣ್ಯಾತ್ಮ ಶಿಷ್ಯನಿಗೆ ಭಾಗಾಕಾರ ಬಿಟ್ಟು ಹೋದ.

ಕೈತುಂಬ ಕೆಲಸವಿದ್ದಷ್ಟು ಕಾಲ ಮೇಸ್ತ್ರಿಗೆ ಅದು ನೆನಪಾಗಲಿಲ್ಲ. ಆಮೇಲೆ ಅವನ ಕಣ್ಣಿನ ನಡುಮಧ್ಯ ಒಂದು ಕಲೆ ಬಂತು. ಸುತ್ತಲೂ ಕಾಣುತ್ತದೆ, ನೋಡಬೇಕೆಂದ ಜಾಗ ಮಾತ್ರ ಕಾಣುವುದಿಲ್ಲ. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಹನಿ ಕೊಟ್ಟರು, ಕೊನೆಗೆ ತಾಳ್ಮೆ ಕೊಟ್ಟರು. ತೂತಿನ ತಟ್ಟೆಯ ತೂತು ಕಾಣದವನು ಗೇರು ಕೊರೆಯುವುದು ಹೇಗೆ? ಯಂತ್ರಕ್ಕೆ ಬಟ್ಟೆ ಹೊದಿಸಿದ ದಿನ ಮೇಸ್ತ್ರಿ ಊಟ ಮಾಡಲಿಲ್ಲ. ಒಂದು ತಿಂಗಳು ಬಾಗಿಲಲ್ಲಿ ಕುಳಿತು ಹೋಗಿ ಬರುವವರ ಕಾಲು ನೋಡಿದ. ಒಂದು ಬೆಳಿಗ್ಗೆ ಎದ್ದವನೇ, "ಒಳಗೆ ದೊಡ್ಡ ಬೋರ್ಡು ಹಾಕಿಸು. ಅಂಗೈಯಷ್ಟು ದೊಡ್ಡ ಅಂಕಿ ಬರೆದರೆ ಕಾಣುತ್ತೆ ನನಗೆ. ಪುಸ್ತಕ ನೀನು ಓದು" ಎಂದ.

ಪುಸ್ತಕ ಎಂದರೆ ಮುದುಕನ ಕಾಲದ ದಪ್ಪ ಕೈಪಿಡಿ. ಅದರ ಹಿಂಭಾಗದಲ್ಲಿ ಒಂದು ಲಕ್ಷದವರೆಗಿನ ಮೊಂಡುಗಳೆಲ್ಲ ಸಾಸಿವೆಯಷ್ಟು ಅಕ್ಷರದಲ್ಲಿ ಸಾಲುಸಾಲಾಗಿ ಅಚ್ಚಾಗಿವೆ. ಅಕ್ಕ ಗಲ್ಲಾದ ಮೇಲೆ ಪುಸ್ತಕ ಬಿಡಿಸಿಟ್ಟು, ಸಾಲಿನ ಕೆಳಗೆ ಸ್ಟೀಲ್ ಸ್ಕೇಲು ಇಟ್ಟು, ಒಂದು ಸಂಖ್ಯೆ ಓದುತ್ತಾಳೆ. ಮೇಸ್ತ್ರಿ ಅದರಿಂದ ಹನ್ನೊಂದು ಒಂದುಗಳನ್ನು ಭಾಗಿಸುತ್ತಾನೆ. ಸೀಮೆಸುಣ್ಣ ಕಿರುಗುಟ್ಟುತ್ತ ಇಳಿಯುತ್ತದೆ. ಕೊನೆಗೆ, "ಇಷ್ಟು ಉಳೀತು. ಮುಂದೆ" ಎನ್ನುತ್ತಾನೆ. ಬೋರ್ಡು ಒರೆಸುತ್ತಾನೆ. ಏನೂ ಉಳಿಯದ ದಿನ ಸಂಖ್ಯೆ ಒಡೆದಂತೆ. ಕಾಗದದ ಮೇಲೆ ಏನನ್ನೂ ಬರೆದಿಡಬಾರದು, ಪುಸ್ತಕದ ಮೇಲೆ ಗುರುತು ಮಾಡಬಾರದು. "ಬರೆದಿಟ್ಟರೆ ಮನಸ್ಸು ಹಿಂದಕ್ಕೆ ಹೋಗುತ್ತೆ. ಕೊರೆದ ಹಲ್ಲನ್ನು ಹಿಂತಿರುಗಿ ನೋಡಬಾರದು."

"ಕೊನೆ ಅನ್ನೋದು ಇದೆಯೋ ಇಲ್ಲವೋ ಇದಕ್ಕೆ?" ಎಂದು ಅಕ್ಕ ಮೊದಲ ವಾರದಲ್ಲೇ ಕೇಳಿದ್ದಳು.

"ಇದೆ ಕಣೇ. ಎರಡು ಚಕ್ರ ಸೇರಿ ಈ ಸಂಖ್ಯೆ ಆಗಬೇಕಾದರೆ ಎರಡೂ ದೊಡ್ಡವಾಗೋಕೆ ಆಗಲ್ಲ. ಒಂದು ಚಿಕ್ಕದಿರಲೇಬೇಕು. ಆ ಚಿಕ್ಕದು ಎಷ್ಟು ಬೆಳೆದರೂ ಒಂದು ಲಕ್ಷದ ಐದು ಸಾವಿರದ ನಾನೂರು ಚಿಲ್ಲರೆ ದಾಟಲ್ಲ. ಅಲ್ಲಿತನಕ ಸಿಗದಿದ್ದರೆ ಎಲ್ಲೂ ಸಿಗಲ್ಲ. ಆವಾಗ ಇದು ಮೊಂಡು."

"ಸಿಕ್ಕರೆ?"

"ಸಿಕ್ಕರೆ ಆವತ್ತೇ ನಿನಗೆ ಬಿಡುಗಡೆ."

ಬೀದಿಯವರು ಮೊದಮೊದಲು ನಕ್ಕರು. ನಟ್ಟು ಕೊಳ್ಳಲು ಬಂದವರು, "ಎಷ್ಟಕ್ಕೆ ಬಂತು ಅಕ್ಕಾ ಇವತ್ತಿನ ರೇಟು?" ಎನ್ನುತ್ತಿದ್ದರು. ಆಮೇಲೆ ರೂಢಿಯಾಯಿತು. ಗಿರಾಕಿ ಬಂದರೆ ಅಕ್ಕ ಓದುವುದನ್ನು ನಿಲ್ಲಿಸಿ, ಬೋಲ್ಟು ತೂಗಿ ಕೊಟ್ಟು, ಮತ್ತೆ ಸ್ಕೇಲಿಗೆ ಬರುತ್ತಿದ್ದಳು. ಹೀಗೆ ವರ್ಷಗಳು ಉರುಳಿದವು. ಅವಳ ಜೀವನದಲ್ಲಿ ಗಂಡ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು. ಅವಳು ಆಡುತ್ತಿದ್ದದ್ದು ಬರೀ ಅಂಕಿ ಎನ್ನುವುದು ಬೇರೆ ಮಾತು.

ಪುಸ್ತಕದ ಕೊನೆಯ ಹಾಳೆ ಹತ್ತಿರ ಬಂದಾಗ ಒಂದು ತೊಡಕು ಎದುರಾಯಿತು. ಪುಸ್ತಕ ಮುಗಿಯುವುದು ಒಂದು ಲಕ್ಷಕ್ಕೆ. ಲೆಕ್ಕ ಮುಗಿಯುವುದು ಅದರಾಚೆ ಐದು ಸಾವಿರ ಚಿಲ್ಲರೆ ಹೋಗಿ. ನಡುವಿನ ಮೊಂಡುಗಳನ್ನು ಎಲ್ಲಿಂದ ತರುವುದು? ಅಕ್ಕನಿಗೆ ತಂಗಿಯ ಮಗಳ ನೆನಪಾಯಿತು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದೊಡ್ಡಪ್ಪನ ಕಣ್ಣಿಗೆ ಅಂಗಡಿಯ ಗಾಜುಗಳನ್ನೆಲ್ಲ ಹಾಕಿ ನೋಡಿ, ಯಾವುದೂ ಹತ್ತದೆ, ಕೊನೆಗೆ ಬಿಸಿಲಿಗಾಗಲಿ ಎಂದು ಒಂದು ಕಪ್ಪು ಕನ್ನಡಕ ಕೊಟ್ಟಿದ್ದವಳು.

"ಇಷ್ಟೊಂದು ನಂಬರು ಯಾಕೆ ದೊಡ್ಡಮ್ಮ? ಜ್ಯೋತಿಷ್ಯ ಶುರು ಮಾಡಿದ್ರಾ?" ಎಂದು ಹುಡುಗಿ ಮೊಬೈಲು ತೆಗೆದಳು.

"ನಿಮ್ಮ ದೊಡ್ಡಪ್ಪನಿಗೆ. ಒಡೀತಾ ಇದ್ದಾರಲ್ಲ, ಅದಕ್ಕೆ."

"ಇನ್ನೂ ಒಡೀತಾನೇ ಇದ್ದಾರಾ! ಯಾವುದದು ನಂಬರು?"

"ಸಾಲಾಗಿ ಹನ್ನೊಂದು ಒಂದು."

ಹುಡುಗಿ ಬಾಯಲ್ಲಿ ಎಣಿಸುತ್ತ ಹೆಬ್ಬೆರಳಿನಿಂದ ಒತ್ತಿದಳು. ಎದುರಿಗೆ ಒಬ್ಬ ಗಿರಾಕಿ ಕನ್ನಡಿ ನೋಡಿಕೊಳ್ಳುತ್ತ ಫ್ರೇಮು ಬದಲಾಯಿಸುತ್ತಿದ್ದ. ಅವನು ಒಂದು ಫ್ರೇಮು ತೆಗೆದು ಇನ್ನೊಂದು ಹಾಕಿಕೊಳ್ಳುವಷ್ಟರಲ್ಲಿ ಹುಡುಗಿ, "ಒಡೆಯುತ್ತಲ್ಲ ದೊಡ್ಡಮ್ಮ" ಎಂದಳು.

"ಏನು?"

"ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು. ಇನ್ನೊಂದು ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು. ಎರಡನ್ನೂ ಗುಣಿಸಿದರೆ ಇದೇ ಬರುತ್ತೆ."

ಅಕ್ಕ ನಂಬಲಿಲ್ಲ. ಮೊಬೈಲು ಏನು ಬೇಕಾದರೂ ಹೇಳುತ್ತದೆ. ಗಲ್ಲಾದ ಮೇಲಿದ್ದ ದೊಡ್ಡ ಕ್ಯಾಲ್ಕುಲೇಟರನ್ನು ಎಳೆದುಕೊಂಡು, ತಾನೇ ಒಂದೊಂದು ಅಂಕಿ ಒತ್ತಿ ಗುಣಿಸಿದಳು. ಅದರ ಪರದೆಯ ತುಂಬ ಒಂದು, ಒಂದು, ಒಂದು. ಎಡದಿಂದ ಬಲಕ್ಕೆ ಬೇಲಿಯ ಗೂಟಗಳಂತೆ ಹನ್ನೊಂದೂ ನಿಂತವು.

"ಖುಷಿಯಾಗಿ ಹೇಳಿ ದೊಡ್ಡಪ್ಪಂಗೆ" ಎಂದಳು ಹುಡುಗಿ.

ಅಕ್ಕ ಕುರ್ಚಿ ಹುಡುಕಿ ಕುಳಿತಳು. ಗಂಡ ಆಗಲೇ ತೊಂಬತ್ತೆಂಟು ಸಾವಿರದ ಮೇಲಿದ್ದ. ಇಪ್ಪತ್ತೊಂದು ಸಾವಿರ ದಾಟಿ ವರ್ಷಗಳೇ ಆಗಿದ್ದವು.

ಮನೆಗೆ ಬಂದು ಪುಸ್ತಕ ತೆಗೆದಳು. ಆ ಹಾಳೆಯಲ್ಲಿ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೇಳು, ಅದರ ಬೆನ್ನಿಗೇ ನಲವತ್ತೊಂಬತ್ತು, ಒಂದರ ಪಕ್ಕ ಒಂದು ಅವಳಿ ಮಕ್ಕಳಂತೆ ಕುಳಿತಿದ್ದವು. ಎರಡೂ ಮೊಂಡುಗಳೇ, ಒಂದೇ ಮುಖ, ಬಾಲ ಮಾತ್ರ ಬೇರೆ. ನಲವತ್ತೇಳನ್ನು ಓದಿದ ಮೇಲೆ ಯಾರೋ ಬೇರಿಂಗು ಕೇಳಿಕೊಂಡು ಬಂದಿರಬೇಕು. ವಾಪಸು ಬಂದು ನೋಡಿದಾಗ ಇವೆರಡನ್ನೂ ಓದಿಯಾಯಿತು ಅನ್ನಿಸಿ ಸ್ಕೇಲು ಸರಿಸಿರಬೇಕು. ಇರಬೇಕು, ಅಷ್ಟೇ. ನೆನಪಿಲ್ಲ. ಸಾವಿರಾರು ಸಂಖ್ಯೆಗಳಲ್ಲಿ ಒಂದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅವಳು ಸರಿಯಾಗಿಯೇ ಓದಿ, ಬೋರ್ಡಿನ ಮೇಲೆ ಅವನೇ ಎಲ್ಲೋ ಒಂದು ಕಳೆಯುವಲ್ಲಿ ಜಾರಿರಲೂಬಹುದು. ಒರೆಸಿದ ಬೋರ್ಡು ಸಾಕ್ಷಿ ಹೇಳುವುದಿಲ್ಲ. ಎಷ್ಟೋ ಹೊತ್ತು ಯೋಚಿಸಿ ಅಕ್ಕ ತಪ್ಪನ್ನು ತನ್ನ ಹೆಸರಿಗೇ ಬರೆದುಕೊಂಡಳು. ಕಣ್ಣು ಹೋದವನಿಗೆ ಕೈಯೂ ಹೋಯಿತು ಎನ್ನುವುದಕ್ಕಿಂತ ಅದು ಹಗುರವಾಗಿತ್ತು.

ಹೇಳಿಬಿಡುವುದೇ? ಒಂದು ಮಾತು, ಮುಗಿದುಹೋಗುತ್ತದೆ. ಆದರೆ ಕಾರ್ಖಾನೆಯ ಕಾನೂನು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಹಲ್ಲು ತಪ್ಪಿದೆ ಎಂದು ತಿಳಿದರೆ ಅವನು ಆ ಒಂದನ್ನು ಕೂರಿಸಿಕೊಂಡು ಸುಮ್ಮನಾಗುವ ಆಸಾಮಿಯಲ್ಲ. ಅಷ್ಟೂ ವರ್ಷವನ್ನು ಡಬ್ಬಕ್ಕೆ ಎಸೆಯುತ್ತಾನೆ, ಮೊದಲನೇ ಹಲ್ಲಿನಿಂದ ಶುರು ಮಾಡುತ್ತಾನೆ. ಕಳೆದ ಸಲ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಕಲೆ ಅಗಲವಾಗುತ್ತಿದೆ, ಇನ್ನೊಂದು ವರ್ಷ ಬೋರ್ಡಿನ ಅಕ್ಷರ ಕಂಡರೆ ಅದೇ ದೊಡ್ಡದು ಎಂದಿದ್ದರು.

ಅದಕ್ಕೇ ಅವಳು ಕಳ್ಳದಾರಿ ಹುಡುಕಿದಳು. ಎರಡು ದಿನ ಬಿಟ್ಟು, ತೊಂಬತ್ತೆಂಟು ಸಾವಿರದ ಸಂಖ್ಯೆಗಳ ನಡುವೆ ಸೇರಿಸಿ ಓದಿದಳು: "ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು."

ಸೀಮೆಸುಣ್ಣ ಅಲ್ಲೇ ನಿಂತಿತು. ಮೇಸ್ತ್ರಿ ಹೊಟ್ಟೆ ಕುಲುಕಿಸಿ ನಕ್ಕ. "ಕಣ್ಣು ಹೋಗಿರೋದು ನಿಂಗೋ ನಂಗೋ? ನೂರು ಮೈಲಿ ಹಿಂದಕ್ಕೆ ಹೋಗಿಬಿಟ್ಟೆಯಲ್ಲೇ. ಹಾಳೆ ಮಗುಚಿಕೊಂಡಿದೆ, ನೋಡಿಕೋ."

"ಹೂಂ ರೀ, ಗಾಳಿ. ಬಂದಿದ್ದು ಬಂತಲ್ಲ, ಒಂದು ಸಲ ಭಾಗಿಸಿ ನೋಡಿಬಿಡಿ."

"ಆಗಿಹೋಗಿರೋದನ್ನು ಯಾಕೆ?"

"ಸುಮ್ಮನೆ. ಹಳೇದು ಒಂದೆರಡು ತಿರುಗಿ ನೋಡಿದರೆ ತಪ್ಪೇನು? ನಟ್ಟು ಕೊಟ್ಟ ಮೇಲೂ ಎರಡು ಸಲ ಎಣಿಸಲ್ವಾ ನಾನು?"

ಮೇಸ್ತ್ರಿಯ ನಗು ನಿಂತಿತು. ಅವಳು ನಿಂತಿದ್ದ ಕಡೆಗೆ, ಅವಳಿಂದ ಸ್ವಲ್ಪ ಆಚೆಗೆ, ಮುಖ ತಿರುಗಿಸಿದ. ಅವಳನ್ನು ನೋಡಬೇಕಾದರೆ ಅವನು ಈಗ ಹಾಗೆ ಪಕ್ಕಕ್ಕೇ ನೋಡಬೇಕಿತ್ತು. "ಅನುಮಾನ ಒಂದು ಹಲ್ಲಿನ ಮೇಲೆ ಬಂದರೆ ಚಕ್ರದ ಮೇಲೇ ಬಂದ ಹಾಗೆ. ಅನುಮಾನ ಇದೆಯಾ ನಿನಗೆ? ಇದ್ದರೆ ಹೇಳು. ಈಗಲೇ ಒರೆಸ್ತೀನಿ, ಮೊದಲಿಂದ ಶುರು."

"ಇಲ್ಲ ಇಲ್ಲ" ಎಂದಳು ಅಕ್ಕ, ಗಾಬರಿಯಲ್ಲಿ ಎರಡು ಸಲ. ಸ್ಕೇಲು ಮುಂದಕ್ಕೆ ಸರಿಸಿದಳು.

ಅಲ್ಲಿಂದಾಚೆಗೆ ಅವಳು ಓದಿದ್ದೆಲ್ಲ ಖಾಲಿ ಪೆಟ್ಟಿಗೆಗೆ ಬೀಗ ಹಾಕುವ ಕೆಲಸದಂತಿತ್ತು. ಪುಸ್ತಕ ಮುಗಿಯಿತು. ಹುಡುಗಿ ಮೊಬೈಲಿನಿಂದ ಬರೆದುಕೊಟ್ಟ ಹಾಳೆಗಳು ಬಂದವು. ಪ್ರತಿ ಸಲ ಅವನು "ಉಳೀತು" ಎಂದಾಗಲೂ ಅಕ್ಕನಿಗೆ ಅದು ಮೊದಲೇ ಗೊತ್ತು. ಇನ್ನು ಸಿಗುವುದಕ್ಕೆ ಏನೂ ಇಲ್ಲ. ಸಿಗಬೇಕಾದದ್ದು ಹಿಂದೆಯೇ ಉಳಿದಿದೆ. ಅವನ ದನಿಯಲ್ಲಿ ಮಾತ್ರ ದಿನದಿನಕ್ಕೆ ಹುರುಪು ಏರುತ್ತಿತ್ತು. ಬೆಲ್ಟ್ ಅಂಗಡಿಯವನು ಚಹಾ ಹೀರುತ್ತ, "ಏನಕ್ಕಾ, ಮೇಸ್ತ್ರಿ ಮದುಮಗನ ಹಾಗೆ ಕಾಣ್ತಿದ್ದಾರೆ, ನೀವು ಮದುವೆ ಮನೆಯಲ್ಲಿ ಚಪ್ಪಲಿ ಕಳಕೊಂಡವರ ಹಾಗೆ ಕಾಣ್ತೀರಿ" ಎಂದ. ಅಕ್ಕ ಅವನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವನ ಬಾಯಿ ಎಷ್ಟು ದೊಡ್ಡದು ಎನ್ನುವುದು ನೆನಪಾಗಿ ಮುಚ್ಚಿದಳು.

ಕೊನೆಯ ಸಂಖ್ಯೆಯನ್ನು ಅವನು ಅವಸರ ಮಾಡದೆ ಭಾಗಿಸಿದ. ಶೇಷ ಬರೆದು ಕೆಳಗೆ ಗೆರೆ ಎಳೆದ. ಸೀಮೆಸುಣ್ಣವನ್ನು ಬೋರ್ಡಿನ ದಂಡೆಯ ಮೇಲೆ ಇಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು, "ಮೊಂಡು" ಎಂದ. ಮತ್ತೆ, "ಮುದುಕ ಇರಬೇಕಿತ್ತು" ಎಂದ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ. ಯಂತ್ರಕ್ಕೆ ಬಟ್ಟೆ ಹೊದಿಸಿದ ಮೇಲೆ ಅವನ ಮುಖದ ಮೇಲೆ ಅಂಥ ಬೆಳಕನ್ನು ಅಕ್ಕ ಕಂಡಿರಲಿಲ್ಲ. ಅವಳೂ ಅತ್ತಳು. ಖುಷಿಗೆ ಅಳುತ್ತಿದ್ದಾಳೆಂದು ತಿಳಿದು ಅವನು ಅವಳ ಬೆನ್ನು ತಟ್ಟಿದ. "ಅರ್ಧ ಕೆಲಸ ನಿಂದೇ ಕಣೇ. ನಾನು ಬರೀ ಕೈ. ಕಣ್ಣು ನೀನು" ಎಂದ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಮಾರನೇ ದಿನ ಒಂದು ಹಿತ್ತಾಳೆ ಪಟ್ಟಿ ತೆಗೆದ. ಗೇರಿನ ಮೇಲೆ ನಂಬರು ಹಾಕುವ ಉಕ್ಕಿನ ಪಂಚುಗಳಲ್ಲಿ ಒಂದು ಎಂಬ ಅಂಕಿಯ ಪಂಚನ್ನು ಬೆರಳಲ್ಲೇ ತಡಕಿ ಗುರುತು ಹಿಡಿದ. ಪಟ್ಟಿಯ ಎಡತುದಿಯಿಂದ ಶುರುಮಾಡಿ, ಎಡಗೈ ಹೆಬ್ಬೆರಳಿನ ಅಂತರ ಬಿಟ್ಟು ಬಿಟ್ಟು ಹನ್ನೊಂದು ಸಲ ಹೊಡೆದ. ಪಟ್ಟಿ ಹಿಡಿದುಕೊಂಡವಳು ಅಕ್ಕ. ಪ್ರತಿ ಪೆಟ್ಟೂ ಅವಳ ಮೊಣಕೈವರೆಗೆ ಬಂತು. ಬಲಕ್ಕೆ ಒಂದಿಷ್ಟು ಪಟ್ಟಿ ಖಾಲಿ ಉಳಿಯಿತು. ಅದನ್ನು ಕತ್ತರಿಸಲು ಅವನಿಗೆ ಮನಸ್ಸಾಗಲಿಲ್ಲ, "ಇರಲಿ, ಚೆನ್ನಾಗಿ ಕಾಣುತ್ತೆ" ಎಂದ. ಬಾಗಿಲ ಪಕ್ಕ, ಕೈಗೆಟುಕುವ ಎತ್ತರಕ್ಕೆ ಎರಡು ಮೊಳೆಗೆ ಸಿಕ್ಕಿಸಿದರು. ಒಳಗೆ ಬರುವಾಗ, ಹೊರಗೆ ಹೋಗುವಾಗ ಅದರ ಮೇಲೆ ಬೆರಳಾಡಿಸುವುದು ಮೇಸ್ತ್ರಿಗೆ ಅಭ್ಯಾಸವಾಯಿತು. ಹಾಲಿನವನಿಗೆ, ಪೇಪರಿನವನಿಗೆ, ದಾರಿ ಕೇಳಲು ಬಂದವರಿಗೂ ವಿವರಿಸಿದ: "ಜಗತ್ತಿನಲ್ಲಿ ಯಾವ ಚಕ್ರಕ್ಕೂ ಇದು ಬಗ್ಗಲ್ಲ."

ಅಕ್ಕನ ಜೀವ ಬಾಗಿಲಿಗೇ ನೇತುಬಿದ್ದಿತು. ಈಗ ಯಾರ ಕಿಸೆಯಲ್ಲಿ ಮೊಬೈಲಿಲ್ಲ? ತಂಗಿಯ ಮಗಳಿಗೆ ಸಿಕ್ಕಿದ್ದು ಯಾವ ಪುಣ್ಯಾತ್ಮನಿಗೂ ಸಿಗಬಹುದು. ಸಿಕ್ಕಿದ್ದನ್ನು ನಗುನಗುತ್ತ ಅವನ ಮುಖಕ್ಕೇ ಹೇಳಬಹುದು. ಅಷ್ಟರಲ್ಲಿ ಬೆಲ್ಟ್ ಅಂಗಡಿಯವನು ಬೇರೆ ಅಭಿಮಾನದಿಂದ ಉಬ್ಬಿ, "ಅಕ್ಕಾ, ಇದರ ಫೋಟೋ ಹೊಡೆದು ನಮ್ಮ ವ್ಯಾಪಾರಿಗಳ ಗುಂಪಿಗೆ ಹಾಕ್ತೀನಿ. ನಾನೂರು ಜನ ನೋಡ್ತಾರೆ. ಮೇಸ್ತ್ರಿ ಹೆಸರು ಎಲ್ಲಿಗೋ ಹೋಗುತ್ತೆ" ಎಂದ.

"ಬೇಡ!"

"ಯಾಕಕ್ಕಾ, ದೃಷ್ಟಿ ಆಗುತ್ತಾ?"

"ಎರಡು ದಿನ ತಡಿ" ಎಂದಳು ಅಕ್ಕ. ಗಡುವು ಬೇಡುವುದು ಅವಳಿಗೆ ಬರುತ್ತಿತ್ತು.

ಮಧ್ಯಾಹ್ನ ಕನ್ನಡಕದ ಅಂಗಡಿಗೆ ಹೋದಳು. "ಒಡೆಯದೇ ಇರೋದು ಒಂದೂ ಇಲ್ವಾ ಇದರಲ್ಲಿ? ಬರೀ ಒಂದು ಬರೆದುಕೊಂಡು ಹೋದರೆ?" ಹುಡುಗಿ ಒತ್ತಿ ಒತ್ತಿ ನೋಡಿದಳು. ಹನ್ನೆರಡು ಒಡೆಯಿತು. ಹದಿಮೂರು ಒಡೆಯಿತು. ಹದಿನೇಳು ಕೂಡ ಒಡೆಯಿತು. "ಹತ್ತೊಂಬತ್ತು ಒಡೆಯಲ್ಲ ದೊಡ್ಡಮ್ಮ. ಸಾಲಾಗಿ ಹತ್ತೊಂಬತ್ತು ಒಂದು ಬರೆದರೆ, ಅಪ್ಪಟ ಮೊಂಡು ಅದು."

ಅಕ್ಕನಿಗೆ ಪಟ್ಟಿಯ ಬಲಗಡೆಯ ಖಾಲಿ ಜಾಗ ಕಣ್ಣಮುಂದೆ ಬಂತು. ಮಾಡಿದ ಲೆಕ್ಕವನ್ನು ಸರಿಮಾಡಲು ಅವಳ ಕೈಯಲ್ಲಿ ಆಗದು. ಕಣ್ಣನ್ನು ಸರಿಮಾಡಲೂ ಆಗದು. ಅವನು ದಿನವೂ ಹೇಳುವ ಮಾತು ಸುಳ್ಳಾಗದಂತೆ, ಬಾಗಿಲಲ್ಲಿ ತೂಗುತ್ತಿರುವ ಸಂಖ್ಯೆಯನ್ನಾದರೂ ನಿಜ ಮಾಡಬಹುದಲ್ಲ? ಬೀದಿಯಲ್ಲಿ ನಿಂತು ಒಂದುಗಳನ್ನು ಎಣಿಸುವವರು ಯಾರು? ಮೊಬೈಲಿಗೆ ಒತ್ತುವವನು ಎಷ್ಟಿದೆಯೋ ಅಷ್ಟೂ ಒತ್ತುತ್ತಾನೆ, ಮೊಬೈಲು ಇಲ್ಲ ಎನ್ನುತ್ತದೆ, ಕೈಮುಗಿದು ಹೋಗುತ್ತಾನೆ. ಅವಳಿಗೆ ಅದು ಒಳ್ಳೆಯ ವ್ಯಾಪಾರ ಅನ್ನಿಸಿತು. ಗಿರಾಕಿ ಯಾರು ಎನ್ನುವುದನ್ನು ಮಾತ್ರ ಅವಳು ಮರೆತಳು.

ಮಾರನೇ ಬೆಳಿಗ್ಗೆ ಬೆಲ್ಟ್ ಅಂಗಡಿಯವನು ಮೇಸ್ತ್ರಿಯನ್ನು ಕ್ಷೌರಕ್ಕೆ ಕರೆದುಕೊಂಡು ಹೋದಾಗ ಪಟ್ಟಿಯನ್ನು ಇಳಿಸಿದಳು. ಅದೇ ಪಂಚು, ಅದೇ ಸುತ್ತಿಗೆ. ಮೊದಲ ಪೆಟ್ಟು ಹೆಬ್ಬೆರಳಿಗೇ ಬಿತ್ತು. ಬೆರಳು ಚೀಪಿಕೊಂಡು ಮತ್ತೆ ಹೊಡೆದಳು. ಎಂಟು ಒಂದುಗಳು ಕೂತವು. ಅವನವು ಯೋಧರಂತೆ ನೆಟ್ಟಗಿದ್ದವು, ಕಣ್ಣು ಕಾಣದವನು ಹೊಡೆದದ್ದು ಎಂದು ಯಾರೂ ಹೇಳುವಂತಿರಲಿಲ್ಲ. ಅವಳವು ಬಸ್ಸಿಗೆ ಕಾದು ಸುಸ್ತಾದವರಂತೆ ಒಂಚೂರು ಎಡಕ್ಕೆ ವಾಲಿದ್ದವು. ಪಟ್ಟಿಯನ್ನು ಮೊಳೆಗೆ ಸಿಕ್ಕಿಸಿ, ದೂರ ನಿಂತು ನೋಡಿದಳು. ದೂರಕ್ಕೆ ಏನೂ ತಿಳಿಯುವಂತಿರಲಿಲ್ಲ.

ಮೇಸ್ತ್ರಿ ಹೊಸ ಕ್ಷೌರದ ಕುತ್ತಿಗೆ ಸವರಿಕೊಳ್ಳುತ್ತ ಬಂದ. ಬಾಗಿಲಲ್ಲಿ ಎಂದಿನಂತೆ ಪಟ್ಟಿಯ ಮೇಲೆ ಬೆರಳಿಟ್ಟ. ಅಕ್ಕ ಗಲ್ಲಾದ ಹಿಂದೆ ಬೋಲ್ಟುಗಳನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಾಕುತ್ತಿದ್ದಳು. ಬೆರಳು ಸಲೀಸಾಗಿ ಹೋಗುತ್ತ ಹೋಗುತ್ತ ಕೊನೆ ಎಂದುಕೊಂಡ ಜಾಗದಲ್ಲಿ ಎಡವಿತು. ನಿಂತಿತು. ಮುಂದಕ್ಕೆ ಹೋಯಿತು. ಒಂದು ಜನ್ಮವಿಡೀ ಹಲ್ಲು ಎಣಿಸಿದ ಬೆರಳದು. ತುದಿಯವರೆಗೆ ಹೋಗಿ, ವಾಪಸು ಮೊದಲಿಗೆ ಬಂದು, ಮತ್ತೊಂದು ಸಲ ಪೂರ್ತಿ ಎಣಿಸಿತು.

"ಎಂಟು ಜಾಸ್ತಿ ಇದೆ" ಎಂದ.

"ಹೂಂ."

"ನೀನು ಹೊಡೆದದ್ದು. ಎಡಕ್ಕೆ ವಾಲಿವೆ."

"ಹೂಂ."

"ಯಾಕೆ?"

ಅಕ್ಕ ಕೈಯಲ್ಲಿದ್ದ ಬೋಲ್ಟನ್ನು ನೋಡಿದಳು. "ಹತ್ತೊಂಬತ್ತು ಒಂದು ಒಡೆಯಲ್ಲವಂತೆ ರೀ. ನಿಜವಾಗಲೂ ಒಡೆಯಲ್ಲವಂತೆ."

ಬೆಲ್ಟ್ ಅಂಗಡಿಯವನು ಹೊಸ್ತಿಲಲ್ಲಿ ನಿಂತು ಇವರ ಮುಖ ಅವರ ಮುಖ ನೋಡಿ, ಜೀವನದಲ್ಲಿ ಮೊದಲ ಸಲ ಏನೂ ಹೇಳದೆ ತನ್ನ ಅಂಗಡಿಗೆ ಹೋದ.

"ಹನ್ನೊಂದು?" ಎಂದ ಮೇಸ್ತ್ರಿ.

ಅಕ್ಕ ಬೋಲ್ಟನ್ನು ತಕ್ಕಡಿಗೆ ಹಾಕಿದಳು, ಮತ್ತೆ ತೆಗೆದಳು. ಆ ಸದ್ದೇ ಅವನಿಗೆ ಸಾಕಾಯಿತು.

"ರೀ, ನಾನೇ ಎಲ್ಲೋ ಸ್ಕೇಲು ಸರಿಸುವಾಗ... ನೆನಪಿಲ್ಲ ನನಗೆ. ಆ ನಂಬರು ಹೇಳ್ತೀನಿ, ಒಂದೇ ಒಂದು ಸಲ ಭಾಗಿಸಿ, ಮುಗಿದುಹೋಗುತ್ತೆ. ಇಪ್ಪ..."

"ಬಾಯಿ ಮುಚ್ಚು." ಕೋಪದ ದನಿಯಲ್ಲ, ಬಿಸಿ ಪಾತ್ರೆ ಮುಟ್ಟಲು ಹೋಗುವ ಮಗುವನ್ನು ತಡೆಯುವ ದನಿ. "ಹೇಳಬೇಡ. ಹೇಳಿಸಿಕೊಂಡು ಕೊರೆದರೆ ಅದು ನನ್ನ ಹಲ್ಲಲ್ಲ."

ಪಟ್ಟಿಯನ್ನು ಮೊಳೆಯಿಂದ ತೆಗೆದ. ಗುಜರಿ ಡಬ್ಬ ಎಲ್ಲಿದೆ ಎನ್ನುವುದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಡಬ್ಬ ವರ್ಷಗಳ ಮೇಲೆ ಮೊಳಗಿತು. ಎದುರು ಸಾಲಿನ ಅಂಗಡಿಗಳವರು ತಲೆ ಎತ್ತಿ ನೋಡಿದರು. ಅಕ್ಕ ಅಭ್ಯಾಸಬಲದಿಂದ ಚಹಾ ಇಡಲು ಎದ್ದಳು. ಸಮಾಧಾನ ಮಾಡಲು ಗಿರಾಕಿ ಯಾರೂ ಇಲ್ಲ ಎಂದು ಹೊಳೆದು ಅಲ್ಲೇ ನಿಂತಳು. ಗಡುವು ಯಾರ ಹತ್ತಿರ ಬೇಡಬೇಕು ಎನ್ನುವುದೂ ಅವಳಿಗೆ ತಿಳಿಯಲಿಲ್ಲ.

ಮೇಸ್ತ್ರಿ ಒದ್ದೆಬಟ್ಟೆ ತೆಗೆದುಕೊಂಡು ಬೋರ್ಡನ್ನು ಮೂಲೆಯಿಂದ ಮೂಲೆಗೆ ಒರೆಸಿದ. ಮೊದಲು ಅಂಗೈಯಷ್ಟಿದ್ದ ಅಂಕಿಗಳು ಈಗ ಮೊಳದಷ್ಟಾಗಿದ್ದವು. ಹನ್ನೊಂದು ಒಂದು ಬರೆಯುವಷ್ಟರಲ್ಲಿ ಬೋರ್ಡಿನ ಅಗಲವೆಲ್ಲ ತುಂಬಿಹೋಯಿತು.

"ಓದು" ಎಂದ.

"ಎಲ್ಲಿಂದ?"

"ಎಲ್ಲಿಂದ ಅಂತ ಕೇಳ್ತೀಯಲ್ಲೇ! ಇಷ್ಟು ವರ್ಷ ಯಾರ ಮನೆಯಲ್ಲಿ ಸಂಸಾರ ಮಾಡಿದೆ?"

ಅಕ್ಕ ಪುಸ್ತಕದ ಮೊದಲ ಹಾಳೆ ಬಿಡಿಸಿ, ಮೊದಲ ಸಾಲಿನ ಕೆಳಗೆ ಸ್ಕೇಲಿಟ್ಟಳು. ಇಪ್ಪತ್ತೊಂದು ಸಾವಿರದ ಹಾಳೆ ಹೆಬ್ಬೆರಳಿನ ಕೆಳಗೆ ಎಲ್ಲೋ ಇತ್ತು. ಅಲ್ಲಿಗೆ ತಲುಪಲು ಒಂದು ವರ್ಷ ಸಾಲದು. ಪೆಟ್ಟು ಬಿದ್ದ ಬೆರಳು ಇನ್ನೂ ಮಿಡಿಯುತ್ತಿತ್ತು.

"ಎರಡು" ಎಂದಳು.

"ಒಂದು ಉಳೀತು. ಮುಂದೆ."

"ಮೂರು."

"ಎರಡು ಉಳೀತು."

ಯಾರೋ ಬಾಗಿಲಲ್ಲಿ ನಿಂತು ಅರ್ಧ ಇಂಚಿನ ಬೋಲ್ಟು ಇದೆಯಾ ಎಂದು ಕೇಳಿದರು. ಅಕ್ಕ ಸ್ಕೇಲಿನಿಂದ ಕೈ ತೆಗೆಯಲಿಲ್ಲ. "ಸ್ವಲ್ಪ ನಿಲ್ಲಿ" ಎಂದಳು. "ಐದು."